ದುಂಡಗಾದ ‘ಕ’, ಚೌಕಾದ ಸೂರ್ಯ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ ಕಲ್ಲುಕಂಬವನ್ನು ಓದಬೇಕಾದರೆ ಕತ್ತನ್ನು ಎಡಕ್ಕೆ ವಾಲಿಸಲೇಬೇಕು. ಕಂಬದ ಎಂಟು ಮುಖಗಳ ಮೇಲೂ ಸಾಲುಗಳು ಬುಡದಿಂದ ಹೊರಟು ತುದಿಗೆ ಏರುತ್ತವೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ 5ನೇ ಶತಮಾನದ ನಡುಭಾಗದ ಸುಮಾರಿಗೆ, ಕುಬ್ಜನೆಂಬ ಕವಿ ಈ ಸಂಸ್ಕೃತ ಕಾವ್ಯವನ್ನು ರಚಿಸಿದ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಕೊನೆಯಲ್ಲಿ ಹೇಳಿಕೊಂಡ. ಮಯೂರಶರ್ಮ ಗುರು ವೀರಶರ್ಮನ ಜತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿದದ್ದು ಎಲ್ಲವೂ ನಮಗೆ ಗೊತ್ತಾಗಿರುವುದು ಈ ಕಂಬದಿಂದ. ಶಾಲೆಯ ಪಠ್ಯದಿಂದ ಹಿಡಿದು ಸಿನಿಮಾದವರೆಗೆ ಆ ಕಥೆ ಎಲ್ಲರ ಬಾಯಲ್ಲೂ ಇದೆ. ಆದರೆ ಅದನ್ನು ಹೊತ್ತಿರುವ ಅಕ್ಷರಗಳನ್ನು ಹತ್ತಿರ ಹೋಗಿ ನೋಡಿದವರು ಕಡಿಮೆ.

ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ತಲೆ. ಪ್ರತಿ ಅಕ್ಷರದ ನೆತ್ತಿಯಲ್ಲೂ ಪುಟ್ಟದೊಂದು ಚೌಕ. ಲಿಪಿತಜ್ಞರು ಈ ಬರಹವನ್ನು ಪೆಟ್ಟಿಗೆ ತಲೆಯ ಲಿಪಿ ಎನ್ನುತ್ತಾರೆ. ಕದಂಬರಷ್ಟೇ ಅಲ್ಲ, ಮಧ್ಯ ಭಾರತದ ವಾಕಾಟಕರೂ ಇಂಥ ತಲೆಯಿಟ್ಟು ಬರೆಸಿದ್ದಾರೆ. ಇಂದು ಒಂದನೇ ತರಗತಿಯ ಮಗು ‘ತಲೆಕಟ್ಟು’ ಎಂದು ಹೇಳಿಕೊಂಡು ಎಳೆಯುವ ಗೆರೆಗೆ ಹಿಂದೆ ಹೀಗೊಂದು ಬಳಗವಿತ್ತು. ಅಕ್ಷರ ತಲೆಯಿಂದಲೇ ಶುರುವಾಗಬೇಕು, ಆ ತಲೆಗೊಂದು ಗುರುತಿರಬೇಕು ಎಂಬ ಶಿಸ್ತು ಅಷ್ಟು ಹಳೆಯದು.

ಲಿಪಿಯ ಹುಟ್ಟು ಬೆಳವಣಿಗೆಯ ಮಾತು ಬಂದಾಗ ಎಲ್ಲರೂ ತಟ್ಟನೆ ಚೀನಾದ ಕಡೆ ಬೆರಳು ತೋರಿಸುತ್ತಾರೆ. ಅದು ನ್ಯಾಯವೇ. ಅಲ್ಲಿನ ಅಕ್ಷರಗಳು ಚಿತ್ರಗಳಾಗಿ ಹುಟ್ಟಿದವು, ಹುಟ್ಟಿದ ಚಿತ್ರ ಇಂದಿಗೂ ಅಷ್ಟಿಷ್ಟು ಕಾಣುತ್ತದೆ. ಒಂದು ಮರ ಬರೆದರೆ ಮರ, ಜೋಡಿ ಮರ ಬರೆದರೆ ತೋಪು, ಮೂರು ಮರ ಬರೆದರೆ ದಟ್ಟ ಕಾಡು. ಮರದ ಪಕ್ಕದಲ್ಲಿ ಮನುಷ್ಯನನ್ನು ಒರಗಿಸಿದರೆ ‘ವಿಶ್ರಾಂತಿ’. ಇಂಥ ಸೊಗಸು ಕನ್ನಡದ ‘ಕ’ದಲ್ಲಾಗಲಿ ‘ರ’ದಲ್ಲಾಗಲಿ ಇಲ್ಲ. ಹಾಗೆಂದು ನಮ್ಮ ಅಕ್ಷರಕ್ಕೆ ಹೇಳಿಕೊಳ್ಳಲು ಕಥೆಯೇ ಇಲ್ಲವೆಂದು ತಿಳಿದರೆ ಶಿಕಾರಿಪುರ, ಸೊರಬದ ಕಲ್ಲುಗಳಿಗೆ ಅನ್ಯಾಯ ಮಾಡಿದಂತೆ. ಚೀನಾದ ಅಕ್ಷರ ಅರ್ಥಕ್ಕೆ ಕಟ್ಟಿಕೊಂಡು ಬೆಳೆಯಿತು, ನಮ್ಮದು ಉಲಿಗೆ ಕಟ್ಟಿಕೊಂಡು ಬೆಳೆಯಿತು. ಆ ಒಂದು ವ್ಯತ್ಯಾಸದಿಂದ ಎರಡರ ಹಾದಿಯೂ ಬೇರೆಯಾಯಿತು. ನಮ್ಮ ಹಾದಿಯ ಬಹುಪಾಲು ಈ ಎರಡು ತಾಲ್ಲೂಕುಗಳೊಳಗೇ ನೋಡಸಿಗುತ್ತದೆ.

ಹಾದಿಯ ಮೊದಲ ತುದಿ ಮಳವಳ್ಳಿ. ಇದು ಮಂಡ್ಯದ ಮಳವಳ್ಳಿ ಅಲ್ಲ, ಶಿಕಾರಿಪುರ ತಾಲ್ಲೂಕಿನದು. ಇಲ್ಲಿನ ಕಂಬವೊಂದರ ಮೇಲೆ ಬನವಾಸಿಯ ಚುಟು ವಂಶದ ಸಾತಕರ್ಣಿ ದೇವರಿಗೆ ಊರು ಬಿಟ್ಟುಕೊಟ್ಟ ಶಾಸನವಿದೆ. ಅದೇ ಕಂಬದ ಮೇಲೆ, ಚುಟುಗಳ ಆಳ್ವಿಕೆ ಮುಗಿದ ಮೇಲೆ ಬಂದ ಕದಂಬ ದೊರೆ ಆ ದತ್ತಿಯನ್ನು ಮತ್ತೆ ನಡೆಸಿಕೊಟ್ಟ ಬರಹವೂ ಇದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ರಾಜ್ಯ ಕೈಬದಲಾಯಿಸಿದ್ದನ್ನು ಒಂದೇ ಕಲ್ಲು ಎರಡು ಕೈಬರಹಗಳಲ್ಲಿ ದಾಖಲಿಸಿದೆ.

ಬ್ರಾಹ್ಮಿಯ ಅಕ್ಷರಗಳು ರೇಖಾಗಣಿತದ ಪುಸ್ತಕದಿಂದ ಎದ್ದು ಬಂದಂತಿವೆ. ‘ಕ’ ಎಂದರೆ ಕೂಡಿಸುವ ಚಿಹ್ನೆ, ಒಂದು ನಿಲುಗೆರೆ, ಒಂದು ಅಡ್ಡಗೆರೆ, ಅಷ್ಟೆ. ‘ಗ’ ಎಂದರೆ ಮನೆಯ ಮಾಡಿನಂತೆ ಕೂಡಿದ ಎರಡು ಓರೆಗೆರೆ. ‘ರ’ ಎಂದರೆ ಬರೀ ಒಂದು ನಿಲುಗೆರೆ. ‘ಠ’ ಎಂದರೆ ಸೊನ್ನೆ, ‘ಥ’ ಎಂದರೆ ನಡುವೆ ಚುಕ್ಕೆಯಿಟ್ಟ ಸೊನ್ನೆ.

ಈ ಚುಕ್ಕೆಯಿಟ್ಟ ಸೊನ್ನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಚೀನಾದ ಅನ್ಯಾಂಗ್ ಬಳಿ ನೆಲದಡಿ ಸಿಕ್ಕ ಆಮೆಯ ಚಿಪ್ಪು ಮತ್ತು ಎತ್ತಿನ ಹೆಗಲೆಲುಬುಗಳ ಮೇಲೆ, ಮೂರು ಸಾವಿರ ವರ್ಷಗಳಿಗೂ ಹಿಂದೆ ಶಾಂಗ್ ದೊರೆಗಳು ಶಕುನ ಕೇಳಿ ಕೊರೆಸಿದ ಬರಹಗಳಿವೆ. ಅಲ್ಲಿಯೂ ಚುಕ್ಕೆಯಿಟ್ಟ ಸೊನ್ನೆ ಇದೆ. ಅಲ್ಲಿ ಅದು ಸೂರ್ಯ. ಇಲ್ಲಿ ಅದು ‘ಥ’. ಒಂದನ್ನು ಕಂಡರೆ ವಸ್ತು ನೆನಪಾಗಬೇಕು, ಇನ್ನೊಂದನ್ನು ಕಂಡರೆ ನಾಲಿಗೆ ಹಲ್ಲಿಗೆ ತಾಗಬೇಕು. ಮುಂದೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಗಟ್ಟಿ ಎಲುಬಿನ ಮೇಲೆ ಚೂರಿಯಿಂದ ದುಂಡು ತೆಗೆಯುವುದು ಕಷ್ಟ. ಸೂರ್ಯ ಮೂಲೆ ಮೂಲೆಯಾಗತೊಡಗಿದ. ಆಮೇಲೆ ಹಾನ್ ಕಾಲದ ಗುಮಾಸ್ತರು ಕುಂಚದಲ್ಲಿ ಬೇಗ ಬೇಗ ಬರೆಯಲು ನೇರ ಗೆರೆಗಳನ್ನೇ ನೆಚ್ಚಿಕೊಂಡಾಗ ಅವನು ಪೂರ್ತಿ ಚೌಕವಾದ, ನಡುವಿನ ಚುಕ್ಕೆ ಅಡ್ಡಗೆರೆಯಾಯಿತು. ಇಂದು ಚೀನಾದ ಮಕ್ಕಳು ಬರೆಯುವ ಸೂರ್ಯ ಎರಡು ಖಾನೆಯ ಕಪಾಟಿನಂತಿದ್ದಾನೆ. ನಮ್ಮ ‘ಥ’ ಮಾತ್ರ ಇಂದಿಗೂ ದುಂಡಗೇ ಇದೆ. ಹೊಟ್ಟೆಯೊಳಗಿನ ಗುರುತನ್ನೂ ಬಿಟ್ಟಿಲ್ಲ.

ಅಲ್ಲಿ ದುಂಡನೆಯದು ಚೌಕಾಯಿತು, ಇಲ್ಲಿ ನೇರವಾಗಿದ್ದೆಲ್ಲ ದುಂಡಾಯಿತು. ಬ್ರಾಹ್ಮಿಯ ‘ಕ’ವನ್ನೇ ಹಿಂಬಾಲಿಸಿ. ಮೊದಲು ನಿಲುಗೆರೆ ಉದ್ದವಾಗಿ ಕೆಳಗಿಳಿಯಿತು. ತಾಳಗುಂದದ ಹೊತ್ತಿಗೆ ತಲೆಗೆ ಚೌಕ ಬಂದಿತ್ತು. ಆಮೇಲೆ ಕೆಳಗಿಳಿದ ಗೆರೆ ಬಾಗಿ ಮೇಲೆ ತಿರುಗಿತು, ಅಡ್ಡಗೆರೆಯನ್ನು ಮುಟ್ಟಿ ಹೊಟ್ಟೆಯಾಯಿತು. ಇವತ್ತಿನ ‘ಕ’ವನ್ನು ಬರೆದು ನೋಡಿದರೆ ಮೇಲೆ ತಲೆಕಟ್ಟು, ನಡುವೆ ಅಡ್ಡಗೆರೆ, ಕೆಳಗೆ ದುಂಡು ಕಾಣುತ್ತದೆ. ಆ ಅಡ್ಡಗೆರೆ ಅಶೋಕನ ಕಾಲದ್ದು. ‘ರ’ದ ಕಥೆಯೂ ಹೀಗೆಯೇ. ಒಂಟಿಗೆರೆ ಕೆಳಗೆ ಬಾಗಿ ಎಡಕ್ಕೆ ಮೇಲೇರಿ ಜೋಡಿಗೆರೆಯಾಯಿತು, ಜೋಡಿಗೆರೆ ಉಬ್ಬಿ ಉಂಗುರವಾಯಿತು. ‘ಗ’ದ ಓರೆಗೆರೆಗಳು ಮೃದುವಾಗಿ ಕಮಾನಾದವು.

ಯಾಕೆ ಹೀಗಾಯಿತು? ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಕಾರಣ ಓಲೆಗರಿ. ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ಮಸಿ ಸವರಿ ಒರೆಸುವುದು ದಕ್ಷಿಣದ ಪದ್ಧತಿ. ಗರಿಯ ನಾರು ಉದ್ದಕ್ಕೆ ಓಡುತ್ತದೆ. ನಾರಿನ ಜಾಡಿನಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ದುಂಡಗೆ ಬರೆದರೆ ಉಳಿಯುತ್ತದೆ. ಹಾಗಾದರೆ ಕಲ್ಲಿನ ಮೇಲೂ ದುಂಡಗೆ ಏಕೆ ಕೊರೆದರು, ಉಳಿಗೆ ನೇರ ಗೆರೆಯೇ ಸುಲಭವಲ್ಲವೆ ಎಂದು ಕೇಳಬಹುದು. ಶಾಸನ ಹುಟ್ಟುತ್ತಿದ್ದ ಬಗೆಯಲ್ಲೇ ಇದಕ್ಕೆ ಉತ್ತರವಿದೆ. ರಚಿಸಿದವನೊಬ್ಬ, ಬರೆದವನೊಬ್ಬ, ಕಂಡರಿಸಿದ ರೂವಾರಿ ಮತ್ತೊಬ್ಬ ಎಂದು ಎಷ್ಟೋ ಶಾಸನಗಳು ಮೂವರ ಹೆಸರನ್ನೂ ಬೇರೆ ಬೇರೆ ಹೇಳುತ್ತವೆ. ರೂವಾರಿಯ ಉಳಿ ನಡೆದದ್ದು ಲೇಖಕನ ಕೈ ತೋರಿದ ದಾರಿಯಲ್ಲಿ. ಆ ಕೈ ಪಳಗಿದ್ದು ಓಲೆಯ ಮೇಲೆ.

ಸೊರಬದಲ್ಲಿ ಸಿಕ್ಕ ತಾಮ್ರಪಟಗಳು ಈ ಹಾದಿಯ ನಡುವಿನ ಮೈಲಿಗಲ್ಲು. ಬಾದಾಮಿ ಚಾಲುಕ್ಯ ವಿನಯಾದಿತ್ಯ 692ರಲ್ಲಿ, ಆಳುಪ ಚಿತ್ರವಾಹನನ ಕೋರಿಕೆಯಂತೆ ಸಾಲಿವೊಗೆ ಎಂಬ ಊರನ್ನು ದಾನ ಕೊಟ್ಟ ಸನ್ನದು ಅದು. ಲೋಹದ ಹಲಗೆ ಓಲೆಯ ಆಕಾರಕ್ಕೇ ಹತ್ತಿರ, ಅಗಲ ಹೆಚ್ಚು, ಎತ್ತರ ಕಡಿಮೆ. ತಾಳಗುಂದದ ಕಂಬವನ್ನು ಊರೆಲ್ಲ ನೋಡಲಿ ಎಂದು ನಿಲ್ಲಿಸಿದರೆ, ತಾಮ್ರಪಟ ದಾನ ಪಡೆದವರ ಮನೆಯ ಪೆಟ್ಟಿಗೆಯಲ್ಲಿ ಮೊಮ್ಮಕ್ಕಳ ಕಾಲಕ್ಕೂ ಉಳಿಯಲಿ ಎಂದು ಕೊರೆಸಿದ್ದು. ನೋಡುವವರು ಬೇರೆಯಾದರೆ ಅಕ್ಷರದ ಠೀವಿಯೂ ಬೇರೆಯಾಗುತ್ತದೆ.

ಮಳವಳ್ಳಿಯಿಂದ ತಾಳಗುಂದಕ್ಕೆ ಬರುವಾಗ ಆದ ಇನ್ನೊಂದು ಬದಲಾವಣೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಶಾಸನಗಳ ಪ್ರಾಕೃತದಲ್ಲಿ ಒತ್ತಕ್ಷರ ಅಪರೂಪ, ಹೆಚ್ಚಿನ ಅಕ್ಷರಗಳು ಒಂಟಿಯಾಗಿಯೇ ನಿಲ್ಲುತ್ತವೆ. ಕುಬ್ಜನ ಸಂಸ್ಕೃತಕ್ಕೆ ಅದು ಸಾಲದು. ಅಕ್ಷರದ ಕೆಳಗೆ ಅಕ್ಷರ, ಅದರ ಕೆಳಗೆ ಮತ್ತೊಂದನ್ನು ಅಡಕಿಸಬೇಕು. ‘ಸ್ತ್ರೀ’ ಎಂದು ಬರೆಯುವಾಗ ನಾವು ಈಗಲೂ ಸ, ತ, ರ ಮೂರನ್ನೂ ಒಂದೇ ಜಾಗದಲ್ಲಿ ಕೂರಿಸುತ್ತೇವೆ. ಚೀನೀಯರೂ ಒಂದು ಚೌಕದೊಳಗೆ ಭಾಗಗಳನ್ನು ಜೋಡಿಸುತ್ತಾರೆ, ಆದರೆ ಜೋಡಣೆಯ ಲೆಕ್ಕ ಬೇರೆ. ಅವರ ‘ತಾಯಿ’ಯಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ ಇರುತ್ತದೆ. ಕುದುರೆಗೂ ತಾಯಿಗೂ ನಂಟೇನೂ ಇಲ್ಲ. ಕುದುರೆಯನ್ನು ‘ಮಾ’ ಎನ್ನುವುದರಿಂದ, ಈ ಪದವನ್ನೂ ಹಾಗೆ ಉಲಿಯಿರಿ ಎಂದು ಸೂಚಿಸಲು ಅದು ಬಂದಿದೆ. ಎಡಭಾಗ ಅರ್ಥದ ಸುಳಿವು, ಬಲಭಾಗ ಉಲಿಯ ಸುಳಿವು. ಚೀನೀ ಅಕ್ಷರಗಳೆಲ್ಲ ಚಿತ್ರಗಳೆಂಬುದು ಜನಪ್ರಿಯ ನಂಬಿಕೆ. ವಾಸ್ತವದಲ್ಲಿ ಅವುಗಳಲ್ಲಿ ಬಹುಪಾಲು ಹೀಗೆ ಅರ್ಥ ಮತ್ತು ಉಲಿ ಬೆರೆತ ಜೋಡಿಗಳು. ಸುಮಾರು ಕ್ರಿ.ಶ. 100ರಲ್ಲಿ ಶು ಶೆನ್ ಎಂಬ ವಿದ್ವಾಂಸ 9,353 ಅಕ್ಷರಗಳನ್ನು 540 ಮೂಲಭಾಗಗಳ ಅಡಿಯಲ್ಲಿ ವಿಂಗಡಿಸಿ ಕೋಶ ಕಟ್ಟಿದಾಗಲೇ ಈ ಸಂಗತಿಯನ್ನು ವಿವರಿಸಿದ್ದ.

ಅರ್ಥಕ್ಕೆ ಕಟ್ಟಿಕೊಂಡದ್ದರಿಂದ ಚೀನಾಕ್ಕೆ ದೊಡ್ಡದೊಂದು ಲಾಭವಾಯಿತು. ಬೀಜಿಂಗಿನವರು ಒಂದು ಬಗೆಯಲ್ಲಿ, ಹಾಂಗ್‌ಕಾಂಗಿನವರು ಇನ್ನೊಂದು ಬಗೆಯಲ್ಲಿ ಉಲಿದರೂ ಬರಹ ಇಬ್ಬರಿಗೂ ತಿಳಿಯುತ್ತದೆ. ಕಾಲದ ಅಂತರದಲ್ಲೂ ಅದು ನೆರವಾಯಿತು. 1899ರಲ್ಲಿ ವಾಂಗ್ ಯೀರೊಂಗ್ ಎಂಬ ಅಧಿಕಾರಿ ಎಲುಬಿನ ಮೇಲಿನ ಗೀರುಗಳನ್ನು ಹಳೆಯ ಬರಹವೆಂದು ಗುರುತಿಸಿದಾಗ, ಅವುಗಳಲ್ಲಿ ಎಷ್ಟನ್ನೋ ಅಲ್ಲಿನ ಪಂಡಿತರು ತಮ್ಮ ಪರಂಪರೆಯ ಬಲದಿಂದಲೇ ಓದಿಕೊಂಡರು. ನಮ್ಮಲ್ಲಿ ಹಾಗಾಗಲಿಲ್ಲ. ಉಲಿ ಅದೇ ಉಳಿದರೆ ಸಾಕೆಂದು ರೂಪ ತನ್ನ ಪಾಡಿಗೆ ತಾನು ಬದಲಾಗುತ್ತ ಹೋಯಿತು. ಕೊನೆಗೆ ಅಜ್ಜನ ಬರಹವನ್ನು ಮರಿಮಗ ಓದಲಾರದಂತಾಯಿತು. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬವನ್ನು ದೆಹಲಿಗೆ ತರಿಸಿದಾಗ ಅದನ್ನು ಓದಬಲ್ಲವರು ಒಬ್ಬರೂ ಸಿಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಬೀಗ ತೆಗೆಯುವವರೆಗೂ ನಮ್ಮ ಅಕ್ಷರದ ಮೂಲ ನಮಗೇ ಕತ್ತಲೆಯಾಗಿತ್ತು.

ಅದೇ 1837ರಲ್ಲಿ ಬೆಂಗಳೂರಿನಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದರು. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿದ ರೈಸ್, 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಅಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡು ಲಿಪಿ ಬಲ್ಲ ಆ ಮನುಷ್ಯನ ಹೆಮ್ಮೆ ಆ ಒಂದು ಪದದಲ್ಲಿ ಎದ್ದು ಕಾಣುತ್ತದೆ.

ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟ 1902ರಲ್ಲಿ ಹೊರಬಂತು, ಅದರಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಎರಡು ವರ್ಷದ ಮೇಲೆ ಬಂದ 8ನೇ ಸಂಪುಟದಲ್ಲಿ ಸೊರಬದವು. ಇಂದಿಗೂ ಇತಿಹಾಸದ ವಿದ್ಯಾರ್ಥಿಗಳು ತಾಳಗುಂದದ ಕಂಬವನ್ನು ‘ಶಿಕಾರಿಪುರ 176’ ಎಂದೇ ಕರೆಯುತ್ತಾರೆ. ಪ್ರತಿ ಸಂಖ್ಯೆಯ ಹಿಂದೆಯೂ ಬಿಸಿಲಲ್ಲಿ ನಡೆದ ಒಂದು ಕೆಲಸವಿದೆ, ಅದು ಪಡಿಯಚ್ಚು ತೆಗೆಯುವುದು. ಕಲ್ಲಿನ ಪಾಚಿ, ಮಣ್ಣನ್ನು ನೀರು ಹಾಕಿ ಬ್ರಷ್ಷಿನಿಂದ ಉಜ್ಜಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಾಳಿ ಸಿಕ್ಕಿಕೊಳ್ಳದಂತೆ ಬ್ರಷ್ಷಿನಿಂದ ತಟ್ಟುತ್ತ ಹೋಗಬೇಕು. ಕಾಗದ ಪ್ರತಿ ಅಕ್ಷರದ ಗುಳಿಯೊಳಗೂ ಇಳಿಯಬೇಕು. ಅರೆ ಒಣಗಿದ ಹೊತ್ತು ನೋಡಿ ಮಸಿ ಅದ್ದಿದ ಬಟ್ಟೆಯ ಗುಂಡನ್ನು ಮೇಲೆ ಮೆಲ್ಲಗೆ ಒತ್ತಿದರೆ ಕಲ್ಲಿನ ಮೈಯೆಲ್ಲ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಬೇಗ ಒತ್ತಿದರೆ ಮಸಿ ಹರಡುತ್ತದೆ, ತಡವಾದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಬರಿಗಣ್ಣಿಗೆ ಒರಟು ಗೀರಾಗಿ ಕಂಡದ್ದು ಕಾಗದದ ಮೇಲೆ ಸ್ಪಷ್ಟ ‘ನ’ ಆಗಿ, ‘ಲ’ ಆಗಿ ನಿಲ್ಲುವ ಕ್ಷಣ ಎಂಥವರನ್ನೂ ಬೆರಗುಗೊಳಿಸುತ್ತದೆ.

ಅಕ್ಷರದ ರೂಪ ಗೊತ್ತಿದ್ದರೆ ಕಾಲವೂ ಗೊತ್ತಾಗುತ್ತದೆ. ವರ್ಷ ಬರೆಯದ ಶಾಸನಕ್ಕೆ ಲಿಪಿಯೇ ಪಂಚಾಂಗ. ತಾಳಗುಂದದ ದೇವಾಲಯದ ಆವರಣದಲ್ಲಿ 2013ರ ಸುಮಾರಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕೆಲಸದ ವೇಳೆ ಸಿಕ್ಕ ಸಿಂಹ ಕಟಾಂಜನ ಶಾಸನದ ಚರ್ಚೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಸಂಸ್ಕೃತದೊಂದಿಗೆ ಕನ್ನಡವೂ ಇರುವ ಈ ಬರಹವನ್ನು ಇಲಾಖೆ ಕ್ರಿ.ಶ. 370ಕ್ಕೆ ಕೊಂಡೊಯ್ದಿದೆ. ಹಾಗಾದರೆ ಇದು ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ವಿದ್ವಾಂಸರೆಲ್ಲ ಈ ಕಾಲವನ್ನು ಒಪ್ಪಿಲ್ಲ. ಒಪ್ಪುವವರೂ ಒಪ್ಪದವರೂ ಕೊನೆಗೆ ಭೂತಗನ್ನಡಿ ಹಿಡಿದು ನೋಡುವುದು ಒಂದೊಂದು ಅಕ್ಷರದ ಬಾಗನ್ನು.

ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವಿಗೆ ಬಂದರೆ ಕಷ್ಟವೆಲ್ಲ ಕಳೆದಂತೆ. ಬನವಾಸಿ ಹನ್ನೆರಡು ಸಾವಿರಕ್ಕೆ ರಾಜಧಾನಿಯಾಗಿದ್ದ ಊರು ಇದು. ಗಂಡಭೇರುಂಡ ಕಂಬ ನಿಂತದ್ದು 1047ರಲ್ಲಿ. ಕಲ್ಯಾಣ ಚಾಲುಕ್ಯರ ಕಾಲದ ಇಲ್ಲಿನ ಶಾಸನಗಳಲ್ಲಿ ಕನ್ನಡ ಅಕ್ಷರ ತನ್ನ ಪೂರ್ಣ ಯೌವನದಲ್ಲಿದೆ. ಸಾಲುಗಳ ನಡುವೆ ಒಂದೇ ಅಂತರ, ಅಕ್ಷರಗಳೆಲ್ಲ ಒಂದೇ ಗಾತ್ರ, ಎಲ್ಲವೂ ಮಣಿಯಂತೆ ದುಂಡು. ಇಲ್ಲಿನ ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ಹೈಸ್ಕೂಲು ಹುಡುಗರು ಕೂಡ ಬೆರಳಿಟ್ಟು ‘ಗ’, ‘ರ’, ‘ಲ’ ಎಂದು ಬಿಡಿಬಿಡಿಯಾಗಿ ಗುರುತಿಸಬಹುದು. ಕನ್ನಡದ ಕಲ್ಬರಹದಲ್ಲಿ ಇದಕ್ಕಿಂತ ಚೆಲುವಾದದ್ದು ಬೇರೆ ಕಡೆ ಸಿಗುವುದು ಕಷ್ಟ. ಈ ಊರಿನ ರೂವಾರಿ ದಾಸೋಜ ಬೇಲೂರಿಗೆ ಹೋಗಿ ವಿಷ್ಣುವರ್ಧನನ ದೇವಾಲಯದಲ್ಲಿ ಮದನಿಕೆಯರನ್ನು ಕಡೆದಾಗ ಅವುಗಳ ಪೀಠದಲ್ಲಿ ತನ್ನ ಹೆಸರನ್ನೂ ಬಳ್ಳಿಗಾವಿಯ ಹೆಸರನ್ನೂ ಕನ್ನಡದಲ್ಲೇ ಕೊರೆದ. ಮಗ ಚಾವಣನೂ ಹಾಗೆಯೇ ಮಾಡಿದ.

ಓದು ಬರಹಕ್ಕೆ ಇಲ್ಲಿ ಎಂಥ ಮರ್ಯಾದೆಯಿತ್ತು ಎಂಬುದಕ್ಕೆ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಸಾಕ್ಷಿ. ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ದರ್ಶನಗಳು, ಪುರಾಣಗಳು ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಅದಕ್ಕಿಂತ ಮನಸ್ಸಿಗೆ ಹತ್ತಿರವಾಗುವುದು ತಾಳಗುಂದದ ಅದೇ ಶತಮಾನದ ಇನ್ನೊಂದು ಶಾಸನ. ಅಗ್ರಹಾರದ ಪಾಠಗಳಿಗೆ ದತ್ತಿ ಬಿಡುವಾಗ ವೇದದ ಜತೆಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದಕ್ಕೂ ಅಲ್ಲಿ ಏರ್ಪಾಡು ಮಾಡಿದ್ದಾರೆ. ಎಂಟೂವರೆ ಶತಮಾನಗಳ ಹಿಂದೆಯೇ ಇಲ್ಲಿ ಅಕ್ಷರಾಭ್ಯಾಸಕ್ಕೆ ಹಣ ಮೀಸಲಿತ್ತು.

ಆ ಮಕ್ಕಳು ಕಲಿತ ಅಕ್ಷರಮಾಲೆ ಇವತ್ತಿನದಕ್ಕಿಂತ ತುಸು ಬೇರೆ. ಅವರಿಗೆ ‘ಱ’ ಮತ್ತು ‘ೞ’ ಇದ್ದವು. ಉಲಿ ಬಾಯಿಂದ ಮರೆಯಾದಂತೆ ಅಕ್ಷರವೂ ಮರೆಯಾಯಿತು, ‘ೞ’ದ ಜಾಗವನ್ನು ‘ಳ’ ಹಿಡಿಯಿತು. ಇತ್ತ ‘ಎ’ಗೂ ‘ಏ’ಗೂ, ‘ಒ’ಗೂ ‘ಓ’ಗೂ ಬರಹದಲ್ಲಿ ಬೇರೆ ಗುರುತು ಹಳೆಯ ಶಾಸನಗಳಲ್ಲಿ ಇರಲಿಲ್ಲ. ಓದುವವರೇ ತಿಳಿದು ಎಳೆಯಬೇಕಿತ್ತು. ಅರ್ಥಕ್ಕೆ ಕಟ್ಟಿಕೊಂಡ ಚೀನೀ ಅಕ್ಷರವನ್ನು ಹಗುರಗೊಳಿಸಲು ಸರ್ಕಾರವೇ ಮುಂದಾಗಬೇಕಾಯಿತು. 1956ರಿಂದ ಅಲ್ಲಿ ಕುದುರೆ 10 ಗೆರೆಗಳಿಂದ 3 ಗೆರೆಗಳಿಗೆ ಇಳಿಯಿತು. ತೈವಾನ್ ಮತ್ತು ಹಾಂಗ್‌ಕಾಂಗ್ ಹಳೆಯ ಕುದುರೆಯನ್ನೇ ಉಳಿಸಿಕೊಂಡವು. ನಮ್ಮಲ್ಲಿ ಅಕ್ಷರವನ್ನು ಕೂಡಿಸಿದ್ದೂ ಬಿಟ್ಟದ್ದೂ ಹೆಚ್ಚಾಗಿ ಬರೆಯುವವರ ಕೈ. ಅದರ ಓಟಕ್ಕೆ ಕಡಿವಾಣ ಬಿದ್ದದ್ದು 19ನೇ ಶತಮಾನದಲ್ಲಿ ಅಚ್ಚಿನ ಮೊಳೆ ಬಂದ ಮೇಲೆ. ಒಂದೇ ಲಿಪಿಯಾಗಿದ್ದು ಮೆಲ್ಲಗೆ ಕವಲೊಡೆಯುತ್ತಿದ್ದ ಕನ್ನಡ, ತೆಲುಗು ಅಕ್ಷರಗಳು ಆಗ ಸೀಸದಲ್ಲಿ ಎರಕಗೊಂಡು ಪೂರ್ತಿ ಬೇರೆಯಾದವು.

ಇದೇ ಸೀಮೆಯಲ್ಲಿ ಬ್ರಾಹ್ಮಿಯ ಬೇರೆ ಕವಲುಗಳೂ ಬದುಕಿವೆ. ಬನವಾಸಿಯಾಚೆ ಮುಂಡಗೋಡಿನ ಟಿಬೆಟನ್ ನೆಲೆಯಲ್ಲಿ ಭಿಕ್ಷುಗಳು ಓದುವ ಗ್ರಂಥಗಳ ‘ಕ’ ಕೂಡ ಅದೇ ಕೂಡಿಸುವ ಚಿಹ್ನೆಯ ಮೊಮ್ಮಗು. ಉತ್ತರಕ್ಕೆ ಹೋಗಿ ಹಿಮಾಲಯ ದಾಟಿ, 1960ರ ದಶಕದಲ್ಲಿ ಮತ್ತೆ ಇತ್ತ ಬಂದದ್ದು. ಮಲೆನಾಡಿನ ಹವ್ಯಕರ ಹಳೆಯ ಮನೆಗಳ ಅಟ್ಟದಲ್ಲಿ ತಿಗಳಾರಿ ಲಿಪಿಯ ಓಲೆಗಳಿವೆ. ವೇದ, ಪ್ರಯೋಗಗಳನ್ನು ಅವರು ಆ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಇಂಥ ಓಲೆಗಳನ್ನು ಕಾಪಾಡಿದ್ದಾರೆ.

ಸೊರಬದ ಊರುಗಳಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಕುಪ್ಪಟೂರು, ಚಂದ್ರಗುತ್ತಿ, ಆನವಟ್ಟಿ, ಉದ್ರಿ ಕಡೆ ಹೋದರೆ ಕೆರೆ ಏರಿಯ ಮೇಲೆ, ಗುಡಿಯ ಬೆನ್ನಿಗೆ, ಅಡಿಕೆ ತೋಟದ ಬೇಲಿಯಲ್ಲಿ ಅವು ನಿಂತಿರುತ್ತವೆ. ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಈ ಚಿತ್ರಗಳ ನಡುವಿನ ಕಿರಿದಾದ ಪಟ್ಟಿಕೆಗಳಲ್ಲಿ ಅಕ್ಷರಗಳು. ತುರು ಕಾಯ್ದು ಸತ್ತವರ ಹೆಸರು ಅಲ್ಲಿರುತ್ತದೆ. ಪೂಜೆಯ ಎಣ್ಣೆ, ಕುಂಕುಮ ಕಟ್ಟಿ ಕಟ್ಟಿ ಪಟ್ಟಿಕೆ ತುಂಬಿಹೋಗುತ್ತದೆ, ಕೆಲವಕ್ಕೆ ಬಣ್ಣ ಬಳಿಯುತ್ತಾರೆ, ಕೆಲವು ಒಗೆಯುವ ಕಲ್ಲಾಗಿ ಸವೆದಿವೆ. ಹೀಗೆ ಒಂದೊಂದು ‘ಕ’ ಅಳಿಸಿದಾಗಲೂ ಒಬ್ಬ ಮನುಷ್ಯನ ಹೆಸರು ಹೋಗುತ್ತದೆ. ಶಾಲೆಯವರು ವರ್ಷಕ್ಕೊಮ್ಮೆ ಮಕ್ಕಳನ್ನು ದೂರದ ಪ್ರವಾಸಕ್ಕೆ ಕರೆದೊಯ್ಯುವ ಮುಂಚೆ ಊರ ಬಾಗಿಲಿನ ಕಲ್ಲಿನ ಮುಂದೆ ಅರ್ಧ ಗಂಟೆ ಕೂರಿಸಲಿ. ರೈಸ್ ಅವರ ಸಂಪುಟದಲ್ಲಿ ಹೆಚ್ಚಿನವುಗಳ ಪಾಠ ಅಚ್ಚಾಗಿದೆ, ಹೋಲಿಸಿ ಓದಿಸುವುದಕ್ಕೆ ಬೇರೆ ಸಾಮಗ್ರಿ ಬೇಡ.

ಕಂಪ್ಯೂಟರಿನಲ್ಲೂ ಈ ಹಳಬರಿಗೆ ಈಗ ಜಾಗ ಸಿಕ್ಕಿದೆ. ಯೂನಿಕೋಡ್ ‘ಱ’ವನ್ನೂ ‘ೞ’ವನ್ನೂ ಸೇರಿಸಿಕೊಂಡಿತು. ‘ೞ’ಕ್ಕೆ ಮಾತ್ರ ತಪ್ಪಾಗಿ ‘ಫ’ ಎಂಬ ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ, ಬರೆಯುವುದಕ್ಕೆ ತೊಂದರೆಯಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಯೂ ಸೇರಿದೆ. ಕೆಳದಿಯ ಓಲೆಗಳನ್ನು ಅವುಗಳದೇ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುವಂತೆ ಮಾಡಲು ದಾರಿ ತೆರೆದಿದೆ. ಇನ್ನು ಬೇಕಿರುವುದು ಒಳ್ಳೆಯ ಫಾಂಟುಗಳು, ಮತ್ತು ಆ ಅಕ್ಷರಗಳನ್ನು ಸರಾಗವಾಗಿ ಓದಿ ಮಕ್ಕಳಿಗೆ ಹೇಳಿಕೊಡಬಲ್ಲ ಹತ್ತಾರು ಮಂದಿ.